ಜೀವಕೋಶದ ಜಲಸಮತೋಲನ: ಉಪ್ಪಿನ ಹಿಂದೆ ಸಾಗುವ ನೀರು

ಮಾವಿನ ಮಿಡಿಗಳನ್ನು ಉಪ್ಪಿನೊಡನೆ ಭರಣಿಯಲ್ಲಿ ತುಂಬಿಟ್ಟರೆ ಕೆಲವೇ ದಿನಗಳಲ್ಲಿ ಅವು ಸುಕ್ಕುಗಟ್ಟುತ್ತವೆ. ಹನಿ ನೀರನ್ನೂ ಹಾಕದ ಭರಣಿಯಲ್ಲಿ ಉಪ್ಪುನೀರು ತುಂಬಿರುತ್ತದೆ. ಆ ನೀರು ಮಿಡಿಯ ಜೀವಕೋಶಗಳಿಂದಲೇ ಹೊರಬಂದುದು. ಕರಗಿದ ವಸ್ತು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ, ಆಯ್ದುದನ್ನು ಮಾತ್ರ ಬಿಡುವ ಪೊರೆಯ ಮೂಲಕ ನೀರು ಹೀಗೆ ಸಾಗುವುದನ್ನು ಅಭಿಸರಣೆ ಎನ್ನುತ್ತಾರೆ.

ಕೋಶಪೊರೆಯಲ್ಲಿ ನೀರಿಗೆಂದೇ ಸೂಕ್ಷ್ಮ ದ್ವಾರಗಳಿವೆ. ಅಕ್ವಾಪೊರಿನ್ ಎಂಬ ಈ ಪ್ರೋಟೀನುಗಳ ಶೋಧಕ್ಕಾಗಿ ಪೀಟರ್ ಆಗ್ರೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆದರೆ ನೀರನ್ನೇ ಎತ್ತಿ ಹಾಕುವ ಪಂಪು ನಮ್ಮ ಕೋಶಗಳಲ್ಲಿಲ್ಲ. ಅವು ಲವಣಗಳನ್ನು ಸಾಗಿಸುತ್ತವೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಪೊರೆಯಲ್ಲಿರುವ ಪಂಪು ಪ್ರತಿ ಸುತ್ತಿನಲ್ಲೂ ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುತ್ತದೆ. ಈ ದುಡಿಮೆ ನಿಂತರೆ ಒಳಗೆ ಲವಣ ಸೇರಿ, ನೀರು ನುಗ್ಗಿ, ಕೋಶ ಊದಿಕೊಳ್ಳುತ್ತದೆ.

ಸಸ್ಯಕೋಶಕ್ಕೆ ಗಟ್ಟಿಯಾದ ಭಿತ್ತಿಯಿದೆ. ನೀರು ತುಂಬಿದರೂ ಅದು ಒಡೆಯದೆ ಬಿಗಿಯಾಗಿ ನಿಲ್ಲುತ್ತದೆ. ಆ ಬಿಗುವು ಸಡಿಲಿದಾಗಲೇ ಎಲೆ ಬಾಡುವುದು. ಕೆಂಪು ರಕ್ತಕಣಕ್ಕೆ ಅಂಥ ರಕ್ಷಣೆಯಿಲ್ಲ. ಶುದ್ಧ ನೀರಿನಲ್ಲಿ ಅದು ಒಡೆಯುತ್ತದೆ, ಗಾಢವಾದ ಉಪ್ಪುನೀರಿನಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಸಾಮಾನ್ಯ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುವುದು ಇದೇ ಕಾರಣಕ್ಕೆ.

ಈ ತತ್ತ್ವ ಪ್ರಾಣ ಉಳಿಸುವುದು ಅತಿಸಾರದಲ್ಲಿ. ಸಣ್ಣ ಕರುಳಿನ ಕೋಶಗಳು ಗ್ಲೂಕೋಸನ್ನೂ ಸೋಡಿಯಮನ್ನೂ ಜೊತೆಯಾಗಿ ಹೀರಿಕೊಳ್ಳುತ್ತವೆ. ನೀರು ಅವುಗಳ ಹಿಂದೆಯೇ ರಕ್ತ ಸೇರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಸಕ್ಕರೆ-ಲವಣಗಳ ಇಂಥ ದ್ರಾವಣವನ್ನು ಕುಡಿಸಿ ಅನೇಕರನ್ನು ಬದುಕಿಸಿದರು. ಅದೇ ಇಂದಿನ ಓಆರ್‌ಎಸ್.

ಇಲ್ಲಿ ಅಳತೆಯೇ ಮುಖ್ಯ. ನೀರು ಕಡಿಮೆಯಾದರೆ ಗಾಢ ದ್ರಾವಣವು ದೇಹದ ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸಬಹುದು. ನೀರು ಹೆಚ್ಚಾದರೆ ಕಳೆದುಹೋದ ಲವಣ ತುಂಬದು. ಪೊಟ್ಟಣಗಳು ಒಂದೇ ಗಾತ್ರದವಲ್ಲ: ಕೆಲವು ಒಂದು ಲೀಟರಿಗೆ, ಕೆಲವು 200 ಮಿಲಿಲೀಟರಿಗೆ. ಮೇಲಿನ ಸೂಚನೆ ನಮಗೆ ಓದಲು ಬಾರದ ಲಿಪಿಯಲ್ಲಿದ್ದರೆ ಅಂದಾಜಿನಲ್ಲಿ ಕಲಸದೆ, ಬಲ್ಲವರಿಂದ ಓದಿಸಿಕೊಳ್ಳಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಬೇಕು. ಮಗು ಮಂಕಾಗಿದ್ದರೆ ಅಥವಾ ಕುಡಿಯಲಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.