ಗಂಟುಮೂಟೆಯ ಶಾಸ್ತ್ರ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದರು. "ಮನೆ ಬಿಟ್ಟು ನೋಡು" ಎಂದು ಅವರು ಸೇರಿಸಲಿಲ್ಲ. ಒಂದೇ ಊರಿನ ಒಂದೇ ಮನೆಯಲ್ಲಿ ಮೂರು ತಲೆಮಾರು ಬಾಳಿದವರಿಗೆ ಆ ಮಾತಿನ ಅಗತ್ಯ ತೋರಿರಲಾರದು. ನಗರವಾಸಿಗಳಾದ ನಮ್ಮ ಸ್ಥಿತಿ ಬೇರೆ. ಉದ್ಯೋಗದಲ್ಲಿ ವರ್ಗಾವಣೆ, ಬಾಡಿಗೆಯ ಕರಾರಿನ ಮುಕ್ತಾಯ, ಮಕ್ಕಳ ವಿದ್ಯಾಭ್ಯಾಸ, ಸ್ವಂತ ಮನೆಯ ಗೃಹಪ್ರವೇಶ, ಹೀಗೆ ಒಂದಲ್ಲ ಒಂದು ಕಾರಣದಿಂದ ಗಂಟುಮೂಟೆ ಕಟ್ಟುವ ಪ್ರಸಂಗ ಹೆಚ್ಚಿನ ಸಂಸಾರಗಳಿಗೆ ಒದಗುತ್ತದೆ. ಆ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆ, ಅದರಲ್ಲಿ ನಾವು ಕಳೆದುಕೊಳ್ಳಬಾರದುದು ಯಾವುದು ಎಂಬುದೇ ಈ ದಿನದ ವಿಷಯ.

ಮೊದಲನೆಯ ಮಾತು ಕಾಲಕ್ಕೆ ಸಂಬಂಧಿಸಿದುದು. ಆಷಾಢದಲ್ಲಿ ಮನೆ ಬದಲಾಯಿಸಬಾರದೆಂಬ ನಂಬಿಕೆ ನಮ್ಮಲ್ಲಿ ಬಳಕೆಯಲ್ಲಿದೆ. ಅದರ ಶಾಸ್ತ್ರಾರ್ಥವೇನೇ ಇರಲಿ, ಗಾಳಿಮಳೆಯ ದಿನಗಳಲ್ಲಿ ಹಾಸಿಗೆ, ಪುಸ್ತಕ, ಧಾನ್ಯಗಳನ್ನು ಬೀದಿಗೆ ತರುವುದು ವಿವೇಕವಲ್ಲವೆಂಬುದನ್ನು ಯಾರೂ ಒಪ್ಪುವರು. ದಿನ ಗೊತ್ತಾದ ಮೇಲೆ ಹದಿನೈದು ದಿನಗಳಾದರೂ ಮುಂಚೆ ಕೆಲಸವನ್ನು ಆರಂಭಿಸಬೇಕು. ಅಪರೂಪಕ್ಕೆ ಬಳಸುವ ವಸ್ತುಗಳನ್ನು ಮೊದಲು ಕಟ್ಟತಕ್ಕದ್ದು. ದಿನವೂ ಬಳಸುವುದನ್ನು ಕೊನೆಗೆ. ಅಟ್ಟದ ಮೇಲಿನ ಹಂಡೆ, ಕೊಳದಪ್ಪಲೆ, ಹಬ್ಬದ ಗೊಂಬೆಗಳು ಇವೆಲ್ಲ ಮೊದಲ ವಾರಕ್ಕೆ; ಅಡಿಗೆಮನೆಯ ಒಲೆ, ಹಾಸಿಗೆ, ಔಷಧಿಗಳು ಕಡೆಯ ದಿನಕ್ಕೆ. ಎಲ್ಲವನ್ನೂ ಕಡೆಯ ರಾತ್ರಿಗೆ ಬಿಟ್ಟವರು ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಚೀಲಕ್ಕೆ ತುರುಕುತ್ತಾರೆ. ಒಡೆಯುವುದೂ ಕಳೆಯುವುದೂ ಬಹುಮಟ್ಟಿಗೆ ಆ ಒಂದು ರಾತ್ರಿಯಲ್ಲಿಯೇ.

ಎರಡನೆಯದು ಪೆಟ್ಟಿಗೆಯ ಅಳತೆ. ದೊಡ್ಡ ಪೆಟ್ಟಿಗೆ ಸಿಕ್ಕಿತೆಂದು ಅದರಲ್ಲಿ ಪುಸ್ತಕಗಳನ್ನು ತುಂಬುವುದು ಎಲ್ಲರೂ ಮಾಡುವ ತಪ್ಪು. ಉದ್ದ, ಅಗಲ, ಎತ್ತರಗಳೆಲ್ಲವೂ ಒಂದೊಂದು ಅಡಿಯಿರುವ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿದ ಪುಸ್ತಕಗಳು ಸುಮಾರು 20 ಕಿಲೋಗ್ರಾಂ ತೂಗುತ್ತವೆ. ಅದೇ ಪೆಟ್ಟಿಗೆಯ ಪ್ರತಿಯೊಂದು ಅಳತೆಯನ್ನೂ ಎರಡರಷ್ಟು ಮಾಡಿದರೆ ತೂಕ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಎಂದರೆ 160 ಕಿಲೋಗ್ರಾಂ. ಅದರ ತಳ ಕಳಚುವುದು ಒಂದು ನಷ್ಟ. ಅದನ್ನು ಹೊತ್ತು ಮೆಟ್ಟಿಲು ಹತ್ತಬೇಕಾದ ಕೂಲಿಯವನ ಬೆನ್ನು ಅದಕ್ಕಿಂತ ದೊಡ್ಡ ಸಂಗತಿ. ಕೂಲಿಯನ್ನು ಗೊತ್ತುಮಾಡುವಾಗ ಚೌಕಾಶಿ ಮಾಡುವ ನಾವು ಹೊರೆಯನ್ನು ಗೊತ್ತುಮಾಡುವಾಗಲೂ ಅಷ್ಟೇ ಲೆಕ್ಕ ಹಾಕಬೇಕು. ಆದುದರಿಂದ ಭಾರವಾದ ವಸ್ತುಗಳಿಗೆ ಚಿಕ್ಕ ಪೆಟ್ಟಿಗೆ, ಹಗುರವಾದವುಗಳಿಗೆ ದೊಡ್ಡದು. ದಿಂಬು, ಕಂಬಳಿ, ಉಣ್ಣೆಯ ಬಟ್ಟೆಗಳನ್ನು ದೊಡ್ಡ ಪೆಟ್ಟಿಗೆಗೂ ಹಂಡೆಯ ಒಳಕ್ಕೂ ತುಂಬಬಹುದು. ಬರಿದಾದ ಹಂಡೆಯನ್ನು ಸಾಗಿಸುವುದೆಂದರೆ ಗಾಳಿಗೆ ಬಂಡಿಯ ಬಾಡಿಗೆ ತೆತ್ತಂತೆ.

ಗಾಜು, ಪಿಂಗಾಣಿಗಳ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಅವು ಒಡೆಯುವುದು ಕೆಳಗೆ ಬಿದ್ದು ಮಾತ್ರವೇ ಅಲ್ಲ; ದಾರಿಯ ಕುಲುಕಾಟದಲ್ಲಿ ಒಂದಕ್ಕೊಂದು ತಗಲಿಯೂ ಒಡೆಯುತ್ತವೆ. ಆದುದರಿಂದ ಪೆಟ್ಟಿಗೆಯೊಳಗೆ ಅಲುಗಾಡಲು ಸ್ಥಳವೇ ಇರಕೂಡದು. ತಳಕ್ಕೆ ಭತ್ತದ ಹುಲ್ಲನ್ನೋ ಮುದುರಿದ ಹಳೆಯ ಪತ್ರಿಕೆಗಳನ್ನೋ ಹಾಸಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸುತ್ತಿ, ಸಂದುಗಳನ್ನು ಹಳೆಯ ಬಟ್ಟೆಯಿಂದ ತುಂಬಬೇಕು. ಪಿಂಗಾಣಿಯ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿಡುವುದು ಮೇಲು. ಮಲಗಿಸಿದರೆ ಮೇಲಿನವುಗಳ ಭಾರವೆಲ್ಲ ಅಡಿಯ ತಟ್ಟೆಯ ಮೇಲೆ ಬೀಳುತ್ತದೆ. ನಿಲ್ಲಿಸಿದರೆ ಪ್ರತಿಯೊಂದೂ ತನ್ನ ಭಾರವನ್ನು ತಾನೇ ಹೊರುತ್ತದೆ. ಕನ್ನಡಿಗೂ ಗಾಜು ಹಾಕಿದ ಪಟಗಳಿಗೂ ಇದೇ ನಿಯಮ. ಉಪ್ಪಿನಕಾಯಿಯ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದರೆ ಸಾಲದು. ಉಪ್ಪಿನಕಾಯಿಯನ್ನು ಬಿಗಿಯಾದ ಮುಚ್ಚಳವಿರುವ ಸಣ್ಣ ಪಾತ್ರೆಗಳಿಗೆ ವರ್ಗಾಯಿಸಿ, ಜಾಡಿಯನ್ನು ತೊಳೆದು ಒಣಗಿಸಿ ಬರಿದಾಗಿ ಒಯ್ಯುವುದು ಕ್ಷೇಮ.

ಯಂತ್ರಗಳಿಗೂ ಅವುಗಳದೇ ಆದ ನಿಯಮಗಳಿವೆ. ರೆಫ್ರಿಜರೇಟರನ್ನು ಹಿಂದಿನ ದಿನವೇ ನಿಲ್ಲಿಸಿ, ಮಂಜು ಕರಗಿದ ಮೇಲೆ ಒಳಗೆಲ್ಲ ಒರಸಿ ಒಣಗಿಸಬೇಕು. ಅದನ್ನು ನಿಂತ ಭಂಗಿಯಲ್ಲಿಯೇ ಸಾಗಿಸತಕ್ಕದ್ದು. ಮಲಗಿಸಿದರೆ ಅದರ ಯಂತ್ರದೊಳಗಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಹೊಸ ಮನೆಯಲ್ಲಿ ಕೆಲವು ಗಂಟೆಗಳ ಕಾಲ ಸುಮ್ಮನೆ ನಿಲ್ಲಿಸಿ ಅನಂತರ ವಿದ್ಯುತ್ತನ್ನು ಕೊಡಬೇಕು. ಅಡಿಗೆ ಅನಿಲದ ಸಿಲಿಂಡರಿನಿಂದ ರೆಗ್ಯುಲೇಟರನ್ನು ತೆಗೆದು, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಮಂಚ, ಬೀರುಗಳನ್ನು ಬಿಚ್ಚಿದಾಗ ಅವುಗಳ ತಿರುಪುಮೊಳೆಗಳನ್ನು ಸಣ್ಣ ಚೀಲದಲ್ಲಿ ಹಾಕಿ ಆಯಾ ವಸ್ತುವಿಗೇ ಕಟ್ಟಿದರೆ, ಮರುದಿನ ಒಂದು ಮೊಳೆಗಾಗಿ ಮನೆಯೆಲ್ಲ ಹುಡುಕುವ ಕಷ್ಟ ತಪ್ಪುತ್ತದೆ.

ಪ್ರತಿಯೊಂದು ಪೆಟ್ಟಿಗೆಗೂ ಒಂದು ಅಂಕಿ ಹಾಕಿ, ಒಂದು ಸಣ್ಣ ಪುಸ್ತಕದಲ್ಲಿ ಆ ಅಂಕಿಯ ಮುಂದೆ ಒಳಗಿರುವುದನ್ನೂ ಅದು ಹೋಗಬೇಕಾದ ಕೋಣೆಯನ್ನೂ ಬರೆಯಬೇಕು. ಅಂಕಿಯನ್ನು ಪಕ್ಕದಲ್ಲಿ ಬರೆಯಬೇಕೇ ಹೊರತು ಮೇಲೆ ಬರೆಯಬಾರದು. ಪೆಟ್ಟಿಗೆಗಳನ್ನು ಒಟ್ಟಿದ ಮೇಲೆ ಮೇಲಿನ ಬರವಣಿಗೆ ಯಾರಿಗೂ ಕಾಣದು. ಲಾರಿಗೆ ಕಡೆಯಲ್ಲಿ ಏರಿದ್ದು ಮೊದಲು ಇಳಿಯುತ್ತದೆ. ಆದುದರಿಂದ ಮೊದಲ ರಾತ್ರಿಗೆ ಬೇಕಾದುದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಕಡೆಯಲ್ಲಿ ಏರಿಸಬೇಕು: ದೀಪ, ಬೆಂಕಿಪೊಟ್ಟಣ, ಉಪ್ಪು, ಅರಿಶಿನ ಕುಂಕುಮ, ಹಾಲು ಉಕ್ಕಿಸುವ ಪಾತ್ರೆ, ನಾಲ್ಕು ಲೋಟ, ಔಷಧಿ, ಒಂದು ಚಾಕು. ಹೊಸ ಮನೆಗೆ ಮೊದಲು ದೀಪವೂ ಉಪ್ಪೂ ಹೋಗಬೇಕೆಂಬ ನಮ್ಮ ಪದ್ಧತಿಯೂ ಇದರೊಡನೆ ಚೆನ್ನಾಗಿಯೇ ಹೊಂದುತ್ತದೆ.

ಇಷ್ಟು ಕಟ್ಟುವ ವಿಷಯವಾಯಿತು. ಇನ್ನು ಬಿಸುಡುವ ವಿಷಯ. ನಷ್ಟಗಳಲ್ಲೆಲ್ಲ ದೊಡ್ಡದು ಸಂಭವಿಸುವುದು ಇಲ್ಲಿಯೇ. ಒಡೆದ ತಟ್ಟೆಗೆ ಬದಲು ಇನ್ನೊಂದು ತಟ್ಟೆ ಅಂಗಡಿಯಲ್ಲಿ ದೊರೆಯುತ್ತದೆ. ಹಳೆಯ ಕಾಗದವೆಂದು ತೂಕಕ್ಕೆ ಹಾಕಿದುದಕ್ಕೆ ಬದಲು ದೊರೆಯುವುದಿಲ್ಲ. ಮನೆ ಬಿಡುವ ಕಾಲದಲ್ಲಿ ಕಿರಿಯರಿಗೆ ಉತ್ಸಾಹ ಹೆಚ್ಚು, ವ್ಯವಧಾನ ಕಡಮೆ. ಅಜ್ಜಿಯ ಪೆಟ್ಟಿಗೆಯನ್ನು ತೆರೆದು, "ಈ ಚಿಂದಿಯೆಲ್ಲ ಏಕೆ?" ಎಂದು ಕೇಳುತ್ತಾರೆ. ಆ ಚಿಂದಿಯೊಳಗೆ ಯಾರ ಬಾಲ್ಯದ ಕುಲಾವಿಯಿದೆ, ಯಾರ ಕಾಗದವಿದೆ ಎಂಬುದು ಅಜ್ಜಿಗೆ ಗೊತ್ತು. ಆದರೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ "ನೀವು ಸುಮ್ಮನಿರಿ" ಎಂದುಬಿಡುತ್ತೇವೆ. ಹಾಗೆ ಮಾಡಬಾರದು. ಹಿರಿಯರ ಪೆಟ್ಟಿಗೆಯನ್ನು ಹಿರಿಯರೇ ಕಟ್ಟಲಿ. ನಾವು ಹತ್ತಿರ ಕುಳಿತು ಎತ್ತಿಕೊಡೋಣ. ಹಾಗೆ ಎತ್ತಿಕೊಡುವಾಗ ಕೇಳಿದರೆ, ಪಟದಲ್ಲಿರುವವರು ಯಾರೆಂದು ಅವರು ಹೇಳುವರು. ಅದನ್ನು ಆಗಲೇ ಪಟದ ಹಿಂದೆ ಮೃದುವಾದ ಸೀಸದ ಕಡ್ಡಿಯಿಂದ ಬರೆದಿಡಬೇಕು. ಇನ್ನು ಹತ್ತು ವರ್ಷಗಳ ಮೇಲೆ ಕೇಳೋಣವೆಂದರೆ ಹೇಳುವವರು ಇರಲಾರರು.

ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳೋ, ತಿಳಿಯದ ಲಿಪಿಯ ಕಾಗದಗಳೋ ದೊರೆತರೆ ಇನ್ನೂ ಎಚ್ಚರಿಕೆ ಬೇಕು. ಕರಾವಳಿ, ಮಲೆನಾಡುಗಳ ಮನೆಗಳಲ್ಲಿ ತಿಗಳಾರಿ ಲಿಪಿಯ ಓಲೆಗಳೂ, ಉತ್ತರದ ಜಿಲ್ಲೆಗಳಲ್ಲಿ ಮೋಡಿಯ ಕಾಗದಗಳೂ ಸಿಕ್ಕುವುದುಂಟು. ಮನೆಯವರಿಗೆ ಓದಲು ಬಾರದೆಂದ ಮಾತ್ರಕ್ಕೆ ಅವು ನಿರರ್ಥಕವಲ್ಲ. ಮೈಸೂರಿನಲ್ಲಿ ನಡೆದ ಒಂದು ಸಂಗತಿಯನ್ನೇ ನೋಡಿ. 1891ರಲ್ಲಿ ಇಲ್ಲಿ ಸರ್ಕಾರದ ಪ್ರಾಚ್ಯ ಪುಸ್ತಕಾಲಯ ಸ್ಥಾಪಿತವಾಯಿತು. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ಅದಕ್ಕೆ ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಇತರ ಗ್ರಂಥಗಳಲ್ಲಿ ಅದರ ಪ್ರಸ್ತಾಪವಿತ್ತೇ ಹೊರತು, ಈ ಕಾಲದ ವಿದ್ವಾಂಸರಿಗೆ ಅದರ ಪಾಠ ದೊರೆತಿರಲಿಲ್ಲ. ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಶೋಧಿಸಿ, 1909ರಲ್ಲಿ ಅಚ್ಚು ಮಾಡಿಸಿದರು. 1915ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಹೊರಬಂದಿತು. ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತು ಲೋಕದ ತಿಳಿವಳಿಕೆಯೇ ಅದರಿಂದ ಬದಲಾಯಿತು. ಆ ಕಟ್ಟು ಯಾವುದೋ ಅವಸರದ ದಿನದಲ್ಲಿ ಒಲೆಗೋ ಹೊಳೆಗೋ ಸೇರಿದ್ದರೆ ಎಂದು ಯೋಚಿಸಬೇಕು.

ಎಲ್ಲರ ಅಟ್ಟದಲ್ಲಿಯೂ ಅರ್ಥಶಾಸ್ತ್ರವಿರುವುದಿಲ್ಲ, ನಿಜ. ಆದರೆ ಅಜ್ಜನ ಜಮಾಖರ್ಚಿನ ಪುಸ್ತಕವಿರಬಹುದು. ಅಕ್ಕಿಗೆ, ಎಣ್ಣೆಗೆ, ಮದುವೆಗೆ, ವೈದ್ಯರಿಗೆ ಆ ಕಾಲದಲ್ಲಿ ತೆತ್ತುದೆಷ್ಟು ಎಂಬುದನ್ನು ಅದು ತಿಳಿಸುತ್ತದೆ. ಅಂತಹ ಬರಹಗಳನ್ನೂ ಪಟಗಳನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಬಾರದು. ಅದರ ಮಸಿ ಹತ್ತುತ್ತದೆ, ಕಾಗದದ ಆಮ್ಲ ಕ್ರಮೇಣ ಕೆಡಿಸುತ್ತದೆ. ಒಗೆದ ಬಿಳಿಯ ಹತ್ತಿಬಟ್ಟೆಯೇ ಸಾಕು. ಓಲೆಗಳನ್ನು ಬಗ್ಗಿಸದೆ, ಎರಡು ಹಲಗೆಗಳ ನಡುವೆ ಚಪ್ಪಟೆಯಾಗಿಟ್ಟು, ಹತ್ತಿಯ ದಾರದಿಂದ ಹದವಾಗಿ ಕಟ್ಟಬೇಕು. ಆ ಪ್ರಾಚ್ಯ ಪುಸ್ತಕಾಲಯ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿ ಮುಂದುವರಿದಿದೆ. ಬಿಸುಡುವ ಮುನ್ನ ಅಲ್ಲಿಯೋ ಲಿಪಿ ಬಲ್ಲ ವಿದ್ವಾಂಸರಲ್ಲಿಯೋ ಒಮ್ಮೆ ತೋರಿಸುವುದು ಕಷ್ಟದ ಕೆಲಸವಲ್ಲ. ಕ್ರಯಪತ್ರ, ವಿಭಾಗಪತ್ರ, ಪ್ರಮಾಣಪತ್ರಗಳು ಲಾರಿಯಲ್ಲಿ ಹೋಗಕೂಡದು. ಅವು ಮನೆಯವರ ಕೈಯಲ್ಲಿಯೇ ಇರಬೇಕು.

ಸಾಮಾನೆಲ್ಲ ಹೊರಟ ಮೇಲೆ, ಬೀಗ ಹಾಕುವ ಮುಂಚೆ, ಮನೆಯನ್ನು ಒಂದು ಸುತ್ತು ನೋಡಿ ಬನ್ನಿ. ಅಟ್ಟ, ಬಾಗಿಲ ಹಿಂದಿನ ಮೊಳೆ, ಬಚ್ಚಲಿನ ಗೂಡು, ದೇವರ ಗೂಡು, ಇವುಗಳಲ್ಲಿ ಏನಾದರೂ ಉಳಿದಿರುವುದುಂಟು. ಮನೆಯ ಹಿರಿಯರನ್ನೂ ಆ ಸುತ್ತಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಯಾವ ಗೂಡಿನಲ್ಲಿ ಏನನ್ನು ಇಟ್ಟಿದ್ದರೆಂಬುದು ನಮ್ಮ ಪಟ್ಟಿಗಿಂತ ಅವರಿಗೆ ಚೆನ್ನಾಗಿ ಗೊತ್ತು.