ಹೆಳವರು ಬಾರದ ಊರಿನಲ್ಲಿ ವಂಶವೃಕ್ಷ

ಕಳೆದ ವರ್ಷ ಮಗಳ ಮೂರನೇ ತರಗತಿಯಲ್ಲಿ ಫ್ಯಾಮಿಲಿ ಟ್ರೀ ಬರೆದು ತರಲು ಹೇಳಿದ್ದರು. ಅವಳು ಹಾಳೆ ಹಿಡಿದುಕೊಂಡು ಬಂದು, "ಅಮ್ಮ, ಮುತ್ತಜ್ಜಿಯ ಅಮ್ಮನ ಹೆಸರೇನು?" ಎಂದಳು. ನನಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ನಾನು ಸಾಕುವ ಇಲಿಗಳಿಗೆ ಹತ್ತು ತಲೆಮಾರಿನ ವಂಶಾವಳಿ ಬರೆದಿಟ್ಟಿದ್ದೇನೆ, ನನ್ನ ಅಜ್ಜಿಯ ತಾಯಿಯ ಹೆಸರು ಮಾತ್ರ ಕೇಳಿರಲಿಲ್ಲ!

ಆ ನಾಚಿಕೆಗೇ ನಾನು ವಾಲ್ನಟ್ ಕ್ರೀಕ್ ಸುತ್ತಮುತ್ತಲಿನವರು ಸೇರುವ ಕಾಂಟ್ರಾ ಕಾಸ್ಟಾ ಕೌಂಟಿಯ ಜೀನಿಯಲಾಜಿಕಲ್ ಸೊಸೈಟಿಯ ಸದಸ್ಯಳಾದೆ. ಅಲ್ಲಿ ಹೆಚ್ಚಿನವರು ನನ್ನ ತಂದೆ-ತಾಯಿಯ ವಯಸ್ಸಿನವರು. ಅಮೆರಿಕದಲ್ಲಿ ಜನಗಣತಿಯ ಮನೆಮನೆಯ ಹಾಳೆಗಳನ್ನು 72 ವರ್ಷಗಳ ನಂತರ ಎಲ್ಲರಿಗೂ ತೆರೆದಿಡುತ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ಬಂದವು. ಹುಡುಕಿದರೆ ತಾನು ಹುಟ್ಟಿದ ಮನೆ, ಬಾಡಿಗೆದಾರ, ಪಕ್ಕದ ಮನೆಯವರ ಕೆಲಸ ಎಲ್ಲ ಸಿಗುತ್ತದೆ. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಆ ವಿವರಗಳು ಗೋಪ್ಯ, ಮೊಮ್ಮಕ್ಕಳಿಗೂ ತೋರಿಸುವುದಿಲ್ಲ.

ಆದರೆ ಅವರು ಕಲಿಸಿದ ಪದ್ಧತಿ ಉಪಯೋಗಕ್ಕೆ ಬಂತು. ನಿಮ್ಮಿಂದಲೇ ಶುರುಮಾಡಿ, ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆ ಹೋಗಿ, ಪ್ರತಿ ಹೆಸರಿನ ಪಕ್ಕ ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂದು ಬರೆಯಿರಿ. ಕಾಗದಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿ, ಕಾಗದ ಕಾಯುತ್ತದೆ, ಅವರು ಕಾಯುವುದಿಲ್ಲ. ಕಳೆದ ಬಾರಿ ಊರಿಗೆ ಹೋದಾಗ ನಮ್ಮ ದೊಡ್ಡ ತಾತನ ಹತ್ತಿರ ಕುಳಿತು ಮಾತಾಡುವುದನ್ನು 'ಮುಂದಿನ ಸಲ' ಎಂದು ಬಿಟ್ಟು ಬಂದವಳು ನಾನು. ಮುಂದಿನ ಸಲಕ್ಕೆ ಅವರಿರಲಿಲ್ಲ.

ಉಳಿದವರು ತಿಪಟೂರಿನ ನಮ್ಮಜ್ಜಿ. ವಯಸ್ಸು 88, ಕಿವಿ ಸ್ವಲ್ಪ ಮಂದ. ಇಲ್ಲಿ ಶನಿವಾರ ರಾತ್ರಿ ಏಳೂವರೆ ಎಂದರೆ ಬೇಸಿಗೆಯಲ್ಲಿ ಅಲ್ಲಿ ಭಾನುವಾರ ಬೆಳಗ್ಗೆ ಎಂಟು, ಅಜ್ಜಿ ಕಾಫಿ ಕುಡಿದು ಜಗುಲಿಗೆ ಬರುವ ಹೊತ್ತು. ಪ್ರಶ್ನೆ ಕೇಳುವ ಕೆಲಸ ಮಗಳಿಗೆ, ಫೋನ್‌ನಲ್ಲಿ ರೆಕಾರ್ಡ್ ಮಾಡುವುದು ನನಗೆ. ಅಜ್ಜಿಗೆ ಇಂಗ್ಲಿಷ್ ಬರದು, ಹಾಗಾಗಿ ಇವಳಿಗೆ ಬೇರೆ ದಾರಿಯೇ ಇಲ್ಲ. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಒಂದು ವರ್ಷ ಬಾಯಿ ಬಿಡದವಳು ಇಲ್ಲಿ ಕಿರುಚಿ ಕಿರುಚಿ ಮಾತಾಡುತ್ತಾಳೆ.

ಮೊದಲ ದಿನವೇ ತೊಡಕು. "ಮುತ್ತಜ್ಜಿ, ಮುತ್ತಜ್ಜನ ಹೆಸರೇನು?" ಅಜ್ಜಿ ಗಂಡನ ಹೆಸರು ಹೇಳುವವರಲ್ಲ. ತಾತ ಹೋಗಿ ಹದಿನೈದು ವರ್ಷವಾದರೂ ಹೇಳುವುದಿಲ್ಲ. ಕೊನೆಗೆ, "ಏಳು ಬೆಟ್ಟದ ಮ್ಯಾಲೆ ನಿಂತವ್ನಲ್ಲ, ಅವನ ಹೆಸರು ಕಣವ್ವಾ" ಎಂದರು. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ ಬರುವವಳಿಗೆ ಅಷ್ಟು ಸಾಕಾಯಿತು.

ಎರಡನೇ ತೊಡಕು ಕಂಪ್ಯೂಟರಿನದು. ಅಜ್ಜಿ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಅಂದರೆ ಅವರ ತಾಯಿ ನಮ್ಮ ತಾತನ ಅಕ್ಕ, ನಮ್ಮಪ್ಪನಿಗೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ತಂತ್ರಾಂಶ ಒಬ್ಬಳೇ ಹೆಂಗಸನ್ನು ಎರಡು ಕೊಂಬೆಯಲ್ಲಿ ಕಂಡು, ತಪ್ಪಾಗಿರಬಹುದು ಎಂದು ಎಚ್ಚರಿಸಿತು. ತಪ್ಪೇನಿಲ್ಲ, ನಮ್ಮ ಕಡೆ ಮರಕ್ಕಿಂತ ಬಳ್ಳಿ ಹೆಚ್ಚು. ಅದನ್ನು ಮಗಳಿಗೆ ಬಿಡಿಸಿ ಹೇಳುವಾಗ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರೂ ಒಂದೇ 'ಅಂಕಲ್' ಅಲ್ಲ ಎಂಬುದು ಅವಳಿಗೇ ಹೊಳೆಯಿತು. ಸಂಬಂಧವಾಚಕಗಳ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲು ಎಂದು ನನಗನ್ನಿಸುತ್ತದೆ.

ಅಪ್ಪನ ಬಳಿ ಒಂದು 'ವಂಶವೃಕ್ಷ' ಇತ್ತು. ಊರಲ್ಲಿ ಆ ಪದಕ್ಕೆ ನಾಡಕಚೇರಿಯ ಕಾಗದ ಎಂದೇ ಅರ್ಥ, ಜಮೀನು ಪೌತಿ ಖಾತೆಗೆ ಬೇಕಾಗುವಂಥದ್ದು. ತಾತ, ಅಜ್ಜಿ, ಮೂರು ಗಂಡುಮಕ್ಕಳು. ಅದನ್ನು ಓದಿ ಹೇಳಿದಾಗ ಅಜ್ಜಿ, "ಮೂರಲ್ಲ, ನಾಲ್ಕು" ಎಂದರು. ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಒಂದು ಹೆಣ್ಣುಮಗು, ಎರಡು ವರ್ಷಕ್ಕೆ ಜ್ವರ ಬಂದು ಹೋಯಿತಂತೆ. ಆಸ್ತಿಯಲ್ಲಿ ಪಾಲಿಲ್ಲದವರು ಆ ಕಾಗದದಲ್ಲಿ ಬರುವುದಿಲ್ಲ. "ಪಾಪು ಹೆಸರೇನು, ಮುತ್ತಜ್ಜಿ?" ಎಂದು ಮಗಳು ಕೇಳಿದಳು. ಬಹಳ ಹೊತ್ತು ಆ ಕಡೆಯಿಂದ ಕಾಗೆಯ ಸದ್ದಷ್ಟೇ ಬಂತು. ಆಮೇಲೆ ಹೇಳಿದರು. ಅಪ್ಪನಿಗೆ ಫೋನ್ ಮಾಡಿ ತಿಳಿಸಿದೆ, ಅವರೂ ಆ ಹೆಸರು ಕೇಳಿದ್ದು ಅದೇ ಮೊದಲು. ಇಲ್ಲಿ ಬರೆಯುವುದಿಲ್ಲ, ಅದು ಮನೆಯೊಳಗಿನ ಹೆಸರು.

ಹಿಂದೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು ಎಂದರು ಅಜ್ಜಿ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸಿ, ಬಾಗಿಲಲ್ಲಿ ನಿಂತು ಮನೆತನದ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತಿದ್ದರಂತೆ. ರಾಗಿ, ಹಳೆ ಸೀರೆ ಕೊಟ್ಟು ಕಳಿಸುತ್ತಿದ್ದರು. "ಅವರು ಹೇಳಿದ ಹೆಸರು ನೆನಪಿದೆಯಾ?" ಎಂದು ನಾನೇ ಬಾಯಿ ಹಾಕಿದೆ. "ಗಂಡಸರದು ಏಳು ತಲೆಮಾರು ಹೇಳೋರು. ನಮ್ಮವ್ವನ್ನ ಯಾರು ಹೇಳ್ತಾರೆ? ನೀನು ಬರ್ಕೋ" ಎಂದರು.

ಬರೆದುಕೊಂಡೆವು. ಮುತ್ತಜ್ಜಿಯ ತಾಯಿಗೆ ಎರಡು ಹೆಸರಿತ್ತು. ತವರಲ್ಲಿ ಒಂದು, ಮದುವೆಯ ದಿನ ಅಕ್ಕಿಯ ಮೇಲೆ ಬರೆಸಿದ್ದು ಇನ್ನೊಂದು. ಮಗಳು ಎರಡನ್ನೂ ಕನ್ನಡದಲ್ಲೇ ಬರೆದಳು, ಒತ್ತಕ್ಷರ ಒಂದು ತಪ್ಪಿದೆ, ತಿದ್ದಿಲ್ಲ. ಪಕ್ಕದಲ್ಲಿ ಸೊಸೈಟಿಯವರು ಹೇಳಿಕೊಟ್ಟಂತೆ ದಿನಾಂಕ, 'ಹೇಳಿದವರು: ಮುತ್ತಜ್ಜಿ'.

ಈ ಶನಿವಾರದ ಪ್ರಶ್ನೆ ಅವಳೇ ಆರಿಸಿಕೊಂಡಿದ್ದಾಳೆ: ಆ ಎತ್ತಿಗೂ ಒಂದು ಹೆಸರಿತ್ತಾ?