ಎರಡಿಂಚು ನೀರು ಎಂದರೆ ಎಷ್ಟು ಲೀಟರ್?

ಕಳೆದ ಬೇಸಿಗೆಯ ಒಂದು ಸಂಜೆ. ಚೆನ್ನೈನಲ್ಲಿ ಆಫೀಸು ಮುಗಿಸಿ ಲೋಕಲ್ ಟ್ರೇನಿನಲ್ಲಿ ನೇತಾಡುತ್ತಿದ್ದೆ. ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಅಪ್ಪನ ಫೋನು ಬಂತು.

"ಎರಡಿಂಚು ನೀರು ಬಿತ್ತು ಕಣಪ್ಪ. ಹಳೇ ಮೋಟ್ರೇ ಇದಕ್ಕೂ ಬಿಡಬೋದಾ?"

ಮೂರು ವರ್ಷದ ಹಿಂದೆ ಕೊರೆಸಿದ್ದ ಬೋರ್‌ವೆಲ್‌ನಲ್ಲಿ ಎರಡೂವರೆ ಇಂಚು ನೀರಿತ್ತು. ಅದು ಬತ್ತಿ ಹೊಸದು ಕೊರೆಸಿದ್ದರು. ಆಳ ಹೆಚ್ಚುಕಡಿಮೆ ಅಷ್ಟೇ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಎರಡೂವರೆಯಲ್ಲಿ ಎರಡು ಎಂದರೆ ನೂರಕ್ಕೆ ಎಂಬತ್ತು. ಹಳೆಯ ಪಂಪು ನಿಮಿಷಕ್ಕೆ 70 ಲೀಟರ್ ಎತ್ತುತ್ತಿತ್ತು. ಅದನ್ನು 56ಕ್ಕೆ ಇಳಿಸಿದರಾಯಿತು. "ಬಿಡಬಹುದು ಅಪ್ಪ. 200 ಲೀಟರಿನ ಡ್ರಮ್ಮು ಮೂರೂವರೆ ನಿಮಿಷದಲ್ಲಿ ತುಂಬುವ ಹಾಗೆ ಗೇಟ್ ವಾಲ್ವ್ ತಿರುಗಿಸಿಕೊಳ್ಳಿ" ಎಂದೆ. ಎಂಟೆಕ್ ಓದಿದ ಮಗನ ಮಾತು. ಅಪ್ಪ ಹಾಗೆಯೇ ಮಾಡಿದರು.

ಮೂರನೇ ವಾರ ಮೋಟಾರು ಸುಟ್ಟಿತು. ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಎಂಟು ದಿನ ಕಳೆಯಿತು. ಆ ಬಿಸಿಲಿನಲ್ಲಿ ಎರಡು ವರ್ಷದ ಅಡಿಕೆ ಸಸಿಗಳಿಗೆ ಎಂಟು ದಿನ ನೀರಿಲ್ಲ. ಒಂದು ಸಾಲು ಪೂರ್ತಿ ಒಣಗಿತು. ಅಪ್ಪ ಒಂದು ಮಾತೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ತಪ್ಪಾದದ್ದು ಎಲ್ಲಿ? ಅಂದು ರಾತ್ರಿ ಎರಡೂ ಬೋರ್‌ವೆಲ್‌ಗಳ ಚೀಟಿಯ ಫೋಟೊ ತರಿಸಿಕೊಂಡು ಕೂತೆ. ಹಳೆಯದರಲ್ಲಿ "ಎರಡೂವರೆ ಇಂಚು, ಗಂಟೆಗೆ 1,100 ಗ್ಯಾಲನ್" ಎಂದಿತ್ತು. ಹೊಸದರಲ್ಲಿ "ಎರಡು ಇಂಚು, 630 ಗ್ಯಾಲನ್". ನೀರು ಐದನೇ ಒಂದು ಭಾಗವಲ್ಲ, ಹತ್ತಿರಹತ್ತಿರ ಅರ್ಧದಷ್ಟು ಕಡಿಮೆಯಾಗಿತ್ತು!

ಬೋರ್‌ವೆಲ್‌ನವರ ಇಂಚು ಪೈಪಿನ ಅಳತೆಯಲ್ಲ. ಕೊರೆಯುವಾಗ ಹೊರಬರುವ ನೀರಿಗೆ ಅಡ್ಡಲಾಗಿ ವಿ ಆಕಾರದ ಕಚ್ಚು ಇರುವ ತಗಡು ನಿಲ್ಲಿಸುತ್ತಾರೆ. ಆ ಕಚ್ಚಿನ ತಳದಿಂದ ನೀರು ಎಷ್ಟು ಎತ್ತರಕ್ಕೆ ನಿಂತು ಹರಿಯುತ್ತದೆಯೋ ಅದೇ ಇಂಚು. ಎತ್ತರ ಎರಡು ಪಟ್ಟಾದರೆ ಕಚ್ಚಿನ ಅಗಲವೂ ಎರಡು ಪಟ್ಟಾಗುತ್ತದೆ. ನೀರು ಹರಿಯುವ ಜಾಗ ನಾಲ್ಕು ಪಟ್ಟು. ಆಳ ಹೆಚ್ಚಿದಂತೆ ನೀರಿನ ವೇಗವೂ 1.4 ಪಟ್ಟು. ಒಟ್ಟು ಐದೂವರೆ ಪಟ್ಟಿಗೂ ಹೆಚ್ಚು. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಎಂದರೆ ನಿಮಿಷಕ್ಕೆ ಸುಮಾರು 8.5 ಲೀಟರ್, ಎರಡು ಇಂಚು 48, ಎರಡೂವರೆ 84, ಮೂರು ಇಂಚು 130ಕ್ಕೂ ಹೆಚ್ಚು. ಊರಿನಲ್ಲಿ "ಅರ್ಧ ಇಂಚು ತಾನೇ ಕಮ್ಮಿ" ಎನ್ನುವ ಮಾತು ಎಷ್ಟು ದುಬಾರಿ ನೋಡಿ.

ಬರುವುದು 48 ಲೀಟರ್, ನಾನು ಎತ್ತಿಸಿದ್ದು 56. ಹೆಚ್ಚುವರಿ 8 ಲೀಟರ್ ಕೊಳವೆಯಲ್ಲಿ ನಿಂತ ನೀರಿನಿಂದ ಹೋಗುತ್ತಿತ್ತು. ಆರೂವರೆ ಇಂಚಿನ ಕೊಳವೆಯಲ್ಲಿ ಪಂಪಿನ ಮೇಲೆ 200 ಅಡಿ ನೀರು ನಿಂತಿದ್ದರೂ ಅದು 1,300 ಲೀಟರ್ ದಾಟುವುದಿಲ್ಲ. ಹಾಗಾಗಿ ಮೊದಲ ಎರಡೂವರೆ ಗಂಟೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆಮೇಲೆ ಪಂಪು ಗಾಳಿ ಎಳೆಯುತ್ತದೆ. ನೀರಿನಿಂದಲೇ ತಣ್ಣಗಾಗಬೇಕಾದ ಮೋಟಾರು ಕಾಯುತ್ತದೆ. ಆಟೊ ಸ್ಟಾರ್ಟರ್ ಇದ್ದು, ರಾತ್ರಿ ಕರೆಂಟು ಬಂದರೆ ನೋಡುವವರು ಯಾರು?

ಅದೇ ರಾತ್ರಿ ಇನ್ನೊಂದು ತಪ್ಪೂ ಸಿಕ್ಕಿತು. ಮೂರು ವರ್ಷದ ಹಿಂದೆ 1,100 ಗ್ಯಾಲನ್ನನ್ನು ಲೀಟರಿಗೆ ತಿರುಗಿಸುವಾಗ ಮೊಬೈಲ್ ತೋರಿಸಿದ 3.785ರಿಂದ ಗುಣಿಸಿದ್ದೆ. ಅದು ಅಮೆರಿಕದ ಗ್ಯಾಲನ್. ನಮ್ಮ ಬೋರ್‌ವೆಲ್‌ನವರದು ಬ್ರಿಟಿಷರು ಬಿಟ್ಟುಹೋದ ಗ್ಯಾಲನ್, 4.546 ಲೀಟರ್. ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ. ನಿಮಿಷಕ್ಕೆ 83 ಲೀಟರ್ ಬರುವ ಕಡೆ 69 ಎಂದುಕೊಂಡು ಸಣ್ಣ ಪಂಪು ಕೊಡಿಸಿದ್ದೆ. ಆ ತಪ್ಪು ಮೂರು ವರ್ಷ ಮೋಟಾರನ್ನು ಕಾಪಾಡಿತ್ತು. ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ.

ನೀರಿನ ವಿಷಯದಲ್ಲಿ ನಾವು ಇನ್ನೂ ಎರಡು ಲೋಕದಲ್ಲಿ ಬದುಕುತ್ತಿದ್ದೇವೆ. ನಲ್ಲಿಯ ನೀರು ಲೀಟರಿನಲ್ಲಿ, ನದಿಯ ನೀರು ಅಡಿಯಲ್ಲಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿಯ 5,000 ಕ್ಯುಸೆಕ್ ಮಾತು ಬಂದಾಗ ನಮ್ಮ ಆಫೀಸಿನ ಊಟದ ಮೇಜಿನಲ್ಲಿ "ದಿನಕ್ಕೆ 5,000" ಎಂದೇ ವಾದ ನಡೆಯಿತು. ಕ್ಯುಸೆಕ್‌ನಲ್ಲಿ ಸೆಕೆಂಡು ಆಗಲೇ ಸೇರಿದೆ. ದಿನಕ್ಕೆ ಎನ್ನುವುದು ಎಷ್ಟು ದಿನ ಹರಿಯಿತು ಎಂಬ ಲೆಕ್ಕಕ್ಕೆ ಮಾತ್ರ. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಅಡಿ. 5,000 ಕ್ಯುಸೆಕ್ 15 ದಿನ ಹರಿದರೆ ಸುಮಾರು ಆರೂವರೆ ಟಿಎಂಸಿ. ಕಾಗದದ ಮೇಲೆ ಇದನ್ನು ಬರೆದಿಟ್ಟಾಗ ತಂಜಾವೂರಿನ ಗೆಳೆಯನೂ ನಾನೂ ಮೊದಲ ಬಾರಿ ಒಂದೇ ಅಂಕಿಯ ಬಗ್ಗೆ ಜಗಳವಾಡಿದೆವು!

ನಿಮಗೂ ಊರಿನಿಂದ ಇಂಥ ಫೋನು ಬರುತ್ತದೆ. ಬಂದಾಗ ಇಂಚು ಕೇಳಿ ಉತ್ತರ ಹೇಳಬೇಡಿ. ಚೀಟಿಯ ಫೋಟೊ ಕೇಳಿ. ಗ್ಯಾಲನ್ ಇದ್ದರೆ 4.546ರಿಂದ ಗುಣಿಸಿ, 60ರಿಂದ ಭಾಗಿಸಿ. ನಿಮಿಷದ ಲೀಟರ್ ಸಿಗುತ್ತದೆ. ಕೊರೆದ ದಿನದ ನೀರು ಬೇಸಿಗೆಯಲ್ಲಿ ಇರುವುದಿಲ್ಲ, ಆದ್ದರಿಂದ ಅದಕ್ಕಿಂತ ಕಡಿಮೆಗೆ ಪಂಪು ಹೊಂದಿಸಿ. ನೀರು ತಪ್ಪಿದರೆ ಮೋಟಾರು ನಿಲ್ಲಿಸುವ ಡ್ರೈ ರನ್ ರಿಲೇ ಹಾಕಿಸಿ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಪಂಪ್‌ಹೌಸಿನ ಗೋಡೆಯ ಮೇಲೆ ಅಪ್ಪ ಇದ್ದಿಲಿನಲ್ಲಿ ಬರೆದಿದ್ದಾರೆ: "ಒಂದು ಡ್ರಮ್ಮು, ಐದು ನಿಮಿಷ." ಅಂದರೆ ನಿಮಿಷಕ್ಕೆ 40 ಲೀಟರ್. ಒಣಗಿದ ಸಾಲಿನಲ್ಲಿ ಹೊಸ ಸಸಿ ನೆಟ್ಟಿದ್ದರು.